ಉಬ್ಬಸ ಇರುವ ಹುಡುಗ, ಒನ್ ಬಿಎಚ್‌ಕೆ ಮನೆ, ಅಕ್ಟೋಬರಿಗೆ ಬರುವ ನಾಯಿ

ಡೊಂಬಿವಲಿ ಪೂರ್ವ

ಮಗನಿಗೆ 9 ವರ್ಷ, ಉಬ್ಬಸ ಇದೆ. ದಿನಕ್ಕೆರಡು ಹೊತ್ತು ಬ್ಯುಡೆಸೊನೈಡ್ ಪಂಪ್, ಬೇಕೆನಿಸಿದಾಗ ಸಾಲ್ಬ್ಯುಟಮಾಲ್‌ನ ನೀಲಿ ಪಂಪ್. ಈ ಮಳೆಗಾಲದಲ್ಲಿ ನೀಲಿ ಪಂಪ್ ವಾರಕ್ಕೆ ಮೂರು-ನಾಲ್ಕು ಸಲ ಬೇಕಾಗುತ್ತಿದೆ. ಭಾವ ಅಕ್ಟೋಬರಿನಲ್ಲಿ ದುಬೈಗೆ ಹೋಗುವವರಿದ್ದಾರೆ, ಅವರ 3 ವರ್ಷದ ಗಂಡು ಬೀಗಲ್ ನಾಯಿ ನಮ್ಮಲ್ಲಿಗೆ ಬರಬೇಕು. ಮಲಗುವ ಕೋಣೆ 10×11 ಅಡಿ, ಒಂದು ಗ್ಯಾಲರಿ ಇದೆ. ಅವರ ಮನೆಗೆ ಹೋದಾಗ ಒಂದೆರಡು ಗಂಟೆ ನಾಯಿ ಜೊತೆ ಆಡಿದ್ದಾನೆ, ಏನೂ ಆಗಿಲ್ಲ. ಹಾಲ್‌ನಲ್ಲಿ ಏರ್ ಪ್ಯೂರಿಫೈಯರ್ ಇಟ್ಟು, ವಾರಕ್ಕೊಮ್ಮೆ ಸ್ನಾನ ಮಾಡಿಸಿದರೆ ಸಾಕೇ? ಅಲರ್ಜಿ ಪರೀಕ್ಷೆ ಈಗಲೇ ಮಾಡಿಸಬೇಕೇ?

ಕಾಂದಿವಲಿ ಕಟ್ಟೆ

ಅಕ್ಕಾ, ನಾಯಿ ವಿಷಯ ಆಮೇಲೆ. ನೀಲಿ ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದೆ ಎಂದರೆ ಉಬ್ಬಸ ಹಿಡಿತದಲ್ಲಿಲ್ಲ ಎಂದೇ ಅರ್ಥ. ಈ ಸ್ಥಿತಿಯಲ್ಲಿ ನಾಯಿ ಬಂದರೆ, ಕೆಮ್ಮಿಗೆ ಕಾರಣ ನಾಯಿಯೋ ಮಳೆಯೋ ಎಂದು ಯಾರಿಂದಲೂ ಹೇಳಲಾಗದು. ಮೊದಲು ಡಾಕ್ಟರ್ ಹತ್ತಿರ ಹೋಗಿ ಪಂಪ್ ತೆಗೆದುಕೊಳ್ಳುವ ರೀತಿಯನ್ನು ತೋರಿಸಿ. ಡೋಸ್ ಏರಿಸುವ ಮುಂಚೆ ನೋಡಬೇಕಾದ್ದು ಅದನ್ನೇ. ಪಂಪ್ ಕುಲುಕಿ, ಸ್ಪೇಸರ್‌ಗೆ (ಪಂಪ್ ಮತ್ತು ಬಾಯಿಯ ನಡುವೆ ಹಿಡಿಯುವ ಕೊಳವೆ) ಒಮ್ಮೆಗೆ ಒಂದೇ ಪಫ್, ಪ್ರತಿ ಪಫ್‌ಗೆ ಐದಾರು ಸಾಮಾನ್ಯ ಉಸಿರು, ಮತ್ತೆ ಕುಲುಕಿ ಮುಂದಿನದು. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಬ್ಯುಡೆಸೊನೈಡ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಪ್ಲಾಸ್ಟಿಕ್ ಸ್ಪೇಸರನ್ನು ಸೋಪು ನೀರಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಒಳಗೆ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ.

ಪರೀಕ್ಷೆ ಮಾಡಿಸಿ, ಆದರೆ 'ನೂರು ಪದಾರ್ಥಗಳ ಪ್ಯಾಕೇಜ್' ಬೇಡ, ಅದು ದುಡ್ಡು ದಂಡ. ನಾಯಿ, ಧೂಳಿನ ಹುಳ, ಜಿರಳೆ, ಬೂಷ್ಟು ಇಷ್ಟು ಸಾಕು. ಮುಂಬಯಿಯ ತೇವಕ್ಕೆ ಧೂಳಿನ ಹುಳ ಹಾಸಿಗೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ನಾಯಿಯ ತಲೆಗೆ ಕಟ್ಟುವ ಎಷ್ಟೋ ಸೀನು ಅದರದ್ದೇ. ಚರ್ಮದ ಚುಚ್ಚು ಪರೀಕ್ಷೆಗೆ ಮುಂಚೆ ಸೆಟಿರಿಜಿನ್ ತರಹದ ಮಾತ್ರೆಗಳನ್ನು ಸುಮಾರು ಒಂದು ವಾರ ನಿಲ್ಲಿಸಬೇಕಾಗುತ್ತದೆ. ಶೀತದ ಸಿರಪ್‌ಗಳಲ್ಲೂ ಅಂಥ ಔಷಧಿ ಅಡಗಿರುತ್ತದೆ, ಲೇಬಲ್ ಓದಿ. ಪಂಪ್ ಮಾತ್ರ ನಿಲ್ಲಿಸಬೇಡಿ. ಮಾತ್ರೆ ಬಿಡಲಾಗದಿದ್ದರೆ ರಕ್ತದಲ್ಲಿ ಅಲರ್ಜಿಯ ಪ್ರತಿಕಾಯ ಅಳೆಯುವ ಐಜಿಇ ಪರೀಕ್ಷೆ ಇದೆ, ಅದಕ್ಕೆ ಏನನ್ನೂ ನಿಲ್ಲಿಸಬೇಕಾಗಿಲ್ಲ. ಪಾಸಿಟಿವ್ ಬಂದ ಮಾತ್ರಕ್ಕೆ ಅದೇ ಕಾಯಿಲೆಗೆ ಕಾರಣ ಅಂತಲ್ಲ, ಲಕ್ಷಣದ ಜೊತೆ ಕೂಡಿಸಿ ನೋಡಬೇಕು.

ಭಾವನ ಮನೆಯ ಒಂದೆರಡು ಗಂಟೆ ಲೆಕ್ಕಕ್ಕಿಲ್ಲ. ದಿನವೂ ಅದೇ ಗಾಳಿ ಕುಡಿದಾಗ ಶ್ವಾಸನಾಳದ ಊತ ವಾರಗಟ್ಟಲೆ ನಿಧಾನಕ್ಕೆ ಏರುತ್ತದೆ.

ವಾಶಿ ಬಸ್ ಸ್ಟಾಪ್

ಬೀಗಲ್ ತುಂಬ ಕೂದಲು ಉದುರಿಸುತ್ತೆ. ಅದನ್ನು ಬೇರೆ ಯಾರಿಗಾದರೂ ಕೊಟ್ಟು ಪೂಡಲ್ ತಗೊಳ್ಳಿ, ಅಲರ್ಜಿನೇ ಆಗಲ್ಲ ಅಂತಾರೆ.

ಕೊಥ್ರೂಡ್ ಧಾರವಾಡ

ಅದು ಮಾರೋರು ಹೇಳೋ ಮಾತ್ರೀ. ಅಲರ್ಜಿ ಮಾಡೂದು ಕೂದಲಲ್ಲ, ಜೊಲ್ಲು ಮತ್ತ ಚರ್ಮದ ಹೊಟ್ಟಿನೊಳಗಿರೋ ಪ್ರೋಟೀನು. ಪೂಡಲ್‌ಗೂ ಜೊಲ್ಲು ಐತಿ, ಚರ್ಮ ಐತಿ. ಅಲರ್ಜಿ ಆಗದ ತಳಿ ಅಂತ ಒಂದೂ ಇಲ್ಲ. ಅಳತಿ ಮಾಡಿ ನೋಡಿದಾಗ ಅಂಥ ತಳಿಗಳ ಕೂದಲೊಳಗ ಮುಖ್ಯ ಪ್ರೋಟೀನು ಕ್ಯಾನ್ ಎಫ್ 1 ಕಡಿಮಿ ಏನೂ ಸಿಕ್ಕಿಲ್ಲ.

ಇದು ಗಂಡುನಾಯಿ ಅಂದ್ರಲ್ಲ ಅಕ್ಕಾರ, ಒಂದು ವಿಷಯ ಕೇಳ್ರಿ. ಕ್ಯಾನ್ ಎಫ್ 5 ಅನ್ನೋ ಇನ್ನೊಂದು ಪ್ರೋಟೀನು ಗಂಡುನಾಯಿಯ ಪ್ರಾಸ್ಟೇಟ್ ಗ್ರಂಥಿಯೊಳಗ ಹುಟ್ಟತೈತಿ, ಮೂತ್ರದಿಂದ ಮೈಕೂದಲಿಗೂ ಹತ್ತತೈತಿ. ಕೆಲವರಿಗೆ ಅದೊಂದಕ್ಕ ಅಲರ್ಜಿ ಇರತೈತಿ. ರಕ್ತ ಪರೀಕ್ಷೆಯೊಳಗ ಈ ಪ್ರೋಟೀನುಗಳನ್ನ ಬ್ಯಾರೆ ಬ್ಯಾರೆ ತೋರಿಸೋ ಲ್ಯಾಬ್ ಇದ್ರ ಅದನ್ನ ಮಾಡಸ್ರಿ. ಕ್ಯಾನ್ ಎಫ್ 5 ಒಂದೇ ಪಾಸಿಟಿವ್ ಬಂದ್ರ ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಯಿಂದ ತ್ರಾಸು ಕಡಿಮಿ ಆಗೂ ಸಂಭವ ಐತಿ.

ಸ್ನಾನ ವಾರಕ್ಕೊಮ್ಮೆ ಸಾಲೂದಿಲ್ಲ. ತೊಳದ ಮೂರು ದಿನದಾಗ ಮೈಮ್ಯಾಲಿನ ಅಲರ್ಜಿ ಪದಾರ್ಥ ಮೊದಲಿನ ಮಟ್ಟಕ್ಕ ಬರತೈತಿ, ಅದಕ್ಕ ವಾರಕ್ಕ ಎರಡು ಸಲ ಬೇಕು. ಹಂಗಂತ ನಿಮ್ಮ ಶಾಂಪೂ ಹಾಕಿ ತಿಕ್ಕಬ್ಯಾಡ್ರಿ. ಚರ್ಮ ಒಣಗಿ ಹೊಟ್ಟು ಇನ್ನೂ ಹೆಚ್ಚಾಗತೈತಿ. ನಾಯಿಗಂತ ಇರೋ ಸೌಮ್ಯ ಶಾಂಪೂ ಹಾಕಿ, ನೊರೆ ಪೂರ್ತಿ ಹೋಗೂತನಕ ತೊಳೀರಿ. ಮಳಿಯೊಳಗ ಅಡ್ಡಾಡಿ ಬಂದ ಮ್ಯಾಲ ಬೆರಳಸಂದು, ಹೊಟ್ಟಿ, ಕಿವಿ ಒರಸ್ರಿ. ಬೀಗಲ್‌ನ ಜೋತುಬಿದ್ದ ಕಿವಿಯೊಳಗ ತೇವ ನಿಂತ್ರ ಈಸ್ಟ್ ಸೋಂಕು ಬರತೈತಿ, ಅದು ಕೆರಕೊಂಡಷ್ಟೂ ಹೊಟ್ಟು ಹಾರತೈತಿ. ನಾಯಿಯ ಚರ್ಮದ ಕಾಯಿಲೆ ವಾಸಿ ಮಾಡೂದೂ ಹುಡುಗನ ಉಬ್ಬಸದ ಚಿಕಿತ್ಸೆನ ಅನ್ಕೊಳ್ರಿ. ಉಣ್ಣಿಗೆ ಸ್ಪ್ರೇ, ಪೌಡರ್ ಬಿಟ್ಟು ಕುತ್ತಿಗೆ ಹಿಂದ ಹಚ್ಚೋ ಹನಿ ಇಲ್ಲಾ ಗುಳಿಗಿ ಕೊಡ್ರಿ. ಬ್ರಷ್ ಮಾಡೂದು ಗ್ಯಾಲರಿಯೊಳಗ, ಹುಡುಗ ಇಲ್ಲದ ಹೊತ್ನ್ಯಾಗ.

ಡೊಂಬಿವಲಿ ಪೂರ್ವ

ಇಬ್ಬರಿಗೂ ಧನ್ಯವಾದ. ಪ್ಯೂರಿಫೈಯರ್ ಬಗ್ಗೆ? ಬೆಡ್‌ರೂಮಿನಲ್ಲಿ ಎಸಿ ಇದೆ, ಅದೂ ಫಿಲ್ಟರ್ ಮಾಡುತ್ತದಲ್ಲ. ಕೆಲಸದ ಬಾಯಿ ದಿನಾ ಝಾಡೂ-ಪೋಛಾ ಮಾಡುತ್ತಾಳೆ. ಮತ್ತೆ, ಅಲರ್ಜಿ ಮಾತ್ರೆ ದಿನಾ ಕೊಟ್ಟರೆ ಇದೆಲ್ಲ ಬೇಕೇ?

ಠಾಣೆ ಘೋಡ್‌ಬಂದರ್

ಕೊನೆಯದಕ್ಕೆ ಮೊದಲು. ಅಲರ್ಜಿ ಮಾತ್ರೆ, ಅಂದರೆ ಆಂಟಿಹಿಸ್ಟಮಿನ್, ಸೀನು-ತುರಿಕೆಗೆ, ಉಬ್ಬಸಕ್ಕಲ್ಲ. ಮೆಡಿಕಲ್‌ನವರು ಕೇಳಿದ ಕೂಡಲೇ ಕೊಡುವ ಮಾಂಟೆಲುಕಾಸ್ಟ್ ಕೂಡಿದ ಮಾತ್ರೆಯನ್ನು ಡಾಕ್ಟರ್ ಹೇಳದೆ ತಿಂಗಳುಗಟ್ಟಲೆ ಕೊಡಬೇಡಿ. ನಿದ್ದೆಗೆಡುವುದು, ಕೆಟ್ಟ ಕನಸು, ಮನಸ್ಸಿನ ಏರುಪೇರು ಆಗಬಹುದೆಂದು 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದ್ದಾರೆ.

ಪ್ಯೂರಿಫೈಯರ್ ಹಾಲ್‌ನಲ್ಲಿ ಬೇಡ, ಹುಡುಗ ಎಂಟೊಂಬತ್ತು ಗಂಟೆ ಉಸಿರಾಡುವ ಬೆಡ್‌ರೂಮಿನಲ್ಲಿ ಇಡಿ. ಲೆಕ್ಕ ಹೀಗೆ: 10×11 ಅಡಿ, ಎತ್ತರ ಒಂಬತ್ತೂವರೆ ಅಡಿ ಎಂದರೆ ಸುಮಾರು 30 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲ ಶುದ್ಧವಾಗಬೇಕಾದರೆ 150 ಘನ ಮೀಟರ್ ಬೇಕು. ಡಬ್ಬದ ಮೇಲಿನ ಸಿಎಡಿಆರ್ (ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬ ಅಂಕಿ) ಅತಿ ಜೋರಿನ ವೇಗದ್ದು, ಆ ಸದ್ದಿನಲ್ಲಿ ಯಾರೂ ಮಲಗಲಾರರು. ಆದ್ದರಿಂದ 300ರ ಆಸುಪಾಸಿನದು ತೆಗೆದುಕೊಂಡು ಮಧ್ಯಮ ವೇಗದಲ್ಲಿ ಓಡಿಸಿ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ನಿಜವಾದ ಹೆಪಾ ಫಿಲ್ಟರ್ ಇರಲಿ, ಓಝೋನ್ ಬಿಡುವ ಯಂತ್ರ ಬೇಡವೇ ಬೇಡ. ಪ್ರೀ-ಫಿಲ್ಟರ್ ತೊಳೆದರೆ ಪೂರ್ತಿ ಒಣಗಿದ ಮೇಲೇ ಹಾಕಿ, ಇಲ್ಲದಿದ್ದರೆ ನಮ್ಮ ಜುಲೈನಲ್ಲಿ ಅದೇ ಬೂಷ್ಟಿನ ಗೂಡು. ಸ್ಪ್ಲಿಟ್ ಎಸಿಯ ಜಾಳಿಗೆ ದಪ್ಪ ಧೂಳು ಮಾತ್ರ ಸಿಕ್ಕುತ್ತದೆ. ಅದರ ಉಪಯೋಗ ಬೇರೆ, ತೇವ ಇಳಿಸುತ್ತದೆ. ತೇವಾಂಶ ಅಳೆಯುವ ಹೈಗ್ರೋಮೀಟರ್ ಗೋಡೆಗೆ ಹಾಕಿ, ತೇವಾಂಶ ಶೇಕಡ 50ರ ಹತ್ತಿರ ಇಳಿದರೆ ಧೂಳಿನ ಹುಳ ಸೊರಗುತ್ತದೆ.

ಆದರೆ ಯಂತ್ರಕ್ಕಿಂತ ದೊಡ್ಡದು ಬಾಗಿಲು. ಮೊದಲ ದಿನದಿಂದಲೇ ನಾಯಿ ಬೆಡ್‌ರೂಮಿನೊಳಗೆ ಕಾಲಿಡಬಾರದು, ಹಗಲೂ ಇಲ್ಲ, ಮಗ ಶಾಲೆಗೆ ಹೋದಾಗಲೂ ಇಲ್ಲ. ಒಂದು ಸಲ ಹಾಸಿಗೆ ಮೇಲೆ ಹೊರಳಿದರೆ ಆ ಹೊಟ್ಟು ಅಲ್ಲೇ ತಿಂಗಳುಗಟ್ಟಲೆ ಉಳಿಯುತ್ತದೆ. ನಾಯಿಯೊಂದಿಗೆ ಆಡಿದ ಬಟ್ಟೆಯಲ್ಲಿ ಮಗನೂ ಮಲಗಬಾರದು. ಒಣ ಝಾಡೂ ನಿಲ್ಲಿಸಿ, ಅದು ನೆಲದ್ದನ್ನು ಮೂಗಿನ ಮಟ್ಟಕ್ಕೆ ಎಬ್ಬಿಸುತ್ತದೆ. ಮೊದಲು ಒದ್ದೆ ಬಟ್ಟೆ, ಅದೂ ಹುಡುಗ ಹೊರಗಿರುವಾಗ. ನಮ್ಮ ಟೈಲ್ಸ್ ನೆಲ ಈ ವಿಷಯದಲ್ಲಿ ಪುಣ್ಯ. ಬಟ್ಟೆಯ ಸೋಫಾ ಇದ್ದರೆ ಮೇಲೆ ತೊಳೆಯಬಹುದಾದ ಚಾದರ ಹಾಕಿ. ಊದುಬತ್ತಿ, ಧೂಪ, ಸೊಳ್ಳೆಬತ್ತಿ ಮೂರನ್ನೂ ಮನೆಯೊಳಗೆ ಹಚ್ಚಬೇಡಿ. ದೇವರಿಗೆ ದೀಪ ಸಾಕು.

ಕಾಂದಿವಲಿ ಕಟ್ಟೆ

ಇನ್ನೊಂದು. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಕೊಳ್ಳಿ. ಉಸಿರು ಹಿಡಿತಕ್ಕೆ ಬಂದ ಮೇಲೆ ಎರಡು ವಾರ, ಬೆಳಿಗ್ಗೆ ಪಂಪ್‌ಗೆ ಮುಂಚೆ ಮತ್ತು ಸಂಜೆ, ನಿಂತು ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದಿಡಿ. ಅದರಲ್ಲಿ ಅತಿ ಹೆಚ್ಚಿನ ಅಂಕಿಯೇ ಮಗನ ನೂರು. ನಾಯಿ ಬಂದ ಮೇಲೂ ಊದಿಸುತ್ತಿರಿ. ಅದರ ಶೇಕಡ 80ಕ್ಕಿಂತ ಕೆಳಗೆ ಇಳಿಯುತ್ತ ಹೋದರೆ ಡಾಕ್ಟರಿಗೆ ಪಟ್ಟಿ ತೋರಿಸಿ, ಶೇಕಡ 50ಕ್ಕಿಂತ ಕೆಳಗಾದರೆ ಅದು ತುರ್ತು. ಪೂರ್ತಿ ವಾಕ್ಯ ಆಡಲಾಗದಿದ್ದರೆ, ಪಕ್ಕೆಲುಬು ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ಅಂಕಿ ನೋಡುತ್ತ ಕೂರಬೇಡಿ. ನೀಲಿ ಪಂಪ್ ಸ್ಪೇಸರ್‌ನಲ್ಲಿ ಕೊಡುತ್ತಲೇ 108ಕ್ಕೆ ಫೋನ್ ಮಾಡಿ.

ದೀಪಾವಳಿಯ ಪಟಾಕಿ ವಾರದ ಅಂಕಿಯಿಂದ ತೀರ್ಮಾನ ಮಾಡಬೇಡಿ, ಆಗ ನಾಯಿ ಇಲ್ಲದ ಮನೆಯಲ್ಲೂ ಮೀಟರ್ ಇಳಿಯುತ್ತದೆ. ಹೊಂದದಿದ್ದರೆ ನಾಯಿ ಯಾರ ಮನೆಗೆ ಹೋಗಬೇಕೆಂದು ಭಾವ ವಿಮಾನ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ನಾಯಿ ಹೋದ ಮೇಲೂ ಸೋಫಾ, ಪರದೆಗಳಲ್ಲಿ ಅದರ ಹೊಟ್ಟು ತಿಂಗಳುಗಟ್ಟಲೆ ಇರುವುದರಿಂದ, ಎರಡು ವಾರ ಬೇರೆ ಕಡೆ ಬಿಟ್ಟು 'ವ್ಯತ್ಯಾಸವೇ ಆಗಲಿಲ್ಲ, ನಾಯಿ ಕಾರಣ ಅಲ್ಲ' ಎಂದು ಅದನ್ನು ವಾಪಸು ಕರೆತರಬೇಡಿ.