ನೆತ್ತಿಯ ಬಿಸಿಲಿನಲ್ಲಿ ಮಕ್ಕಳ ಭಾವಚಿತ್ರ: ಕಣ್ಣಿನ ಮೇಲಿನ ಕಪ್ಪು ನೆರಳನ್ನು ತಪ್ಪಿಸುವುದು ಹೇಗೆ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆಂದು ಸಾಗರದ ಹತ್ತಿರವಿರುವ ನಮ್ಮ ಮನೆಗೆ ಅಣ್ಣ, ಅಕ್ಕಂದಿರ ಮಕ್ಕಳೆಲ್ಲ ಬಂದಿದ್ದಾರೆ. ಅವರು ಅಂಗಳದಲ್ಲಿ ಆಡುವಾಗ ತೆಗೆದ ಚಿತ್ರಗಳಲ್ಲಿ ಹಣೆ ಮತ್ತು ಮೂಗಿನ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿ, ಕಣ್ಣಿರುವ ಜಾಗದಲ್ಲಿ ಕಪ್ಪು ಗುಳಿಗಳಷ್ಟೇ ಉಳಿಯುತ್ತಿವೆ. ಬಿಸಿಲಿಗೆ ಮುಖ ಮಾಡಿಸಿದರೆ ಮಕ್ಕಳು ಕಣ್ಣು ಮುಚ್ಚಿ ಮುಖ ಸಿಂಡರಿಸುತ್ತಾರೆ. ಚಪ್ಪರದ ಕೆಳಗೆ ನಿಲ್ಲಿಸಿದರೆ ಅಡಿಕೆ ದಬ್ಬೆಗಳ ನೆರಳು ಕೆನ್ನೆಯ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ನನ್ನಲ್ಲಿರುವುದು ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್, 18–55 ಮಿ.ಮೀ. ಲೆನ್ಸ್ ಮತ್ತು 50 ಮಿ.ಮೀ. ಎಫ್/1.8 ಲೆನ್ಸ್. ಮಕ್ಕಳೆಲ್ಲ ಒಟ್ಟಿಗೆ ಸಿಗುವುದು ಹನ್ನೊಂದರಿಂದ ಎರಡು ಗಂಟೆಯ ನಡುವೆಯೇ ಆದ್ದರಿಂದ, ಆ ಹೊತ್ತಿನಲ್ಲೇ ಏನು ಮಾಡಬಹುದೆಂದು ದಯವಿಟ್ಟು ತಿಳಿಸಿ.

ಕಿಟಕಿಬೆಳಕು:
ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆಯೇ ಇರುತ್ತಾನೆ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನವನ್ನು ನೋಡುವುದೂ ಆಗಲೇ. ಬೆಳಕು ನೇರ ಮೇಲಿನಿಂದ ಬಿದ್ದಾಗ ಹುಬ್ಬಿನ ನೆರಳು ಕಣ್ಣಿನ ಮೇಲೆ ಕೂರುವುದು ಸಹಜ, ಅದನ್ನು ಕ್ಯಾಮೆರಾದ ಯಾವ ಸೆಟ್ಟಿಂಗ್ ಕೂಡ ಅಳಿಸಲಾರದು. ಆದ್ದರಿಂದ ಮೊದಲು ಬದಲಾಗಬೇಕಾದದ್ದು ಮಗು ನಿಲ್ಲುವ ಜಾಗ.

ನಿಮ್ಮ ಮನೆಯ ಜಗಲಿ ಇದಕ್ಕೆ ಹೇಳಿ ಮಾಡಿಸಿದ ಸ್ಥಳ. ಬಿಸಿಲಿನ ಗೆರೆಯಿಂದ ಎರಡು ಹೆಜ್ಜೆ ಒಳಗೆ, ಮುಖ ಅಂಗಳದ ಕಡೆಗೆ ಇರುವಂತೆ ಮಗುವನ್ನು ಕೂರಿಸಿ, ನೀವು ಹೊರಗೆ ನಿಂತು ತೆಗೆಯಿರಿ. ಆಗ ಬೆಳಕು ಮೇಲಿನಿಂದ ಬರುವ ಬದಲು ಎದುರಿನ ಆಕಾಶದಿಂದ, ಮುಂದಿನಿಂದ ಬರುತ್ತದೆ. ಕಣ್ಣಿನ ಪಾಪೆಯಲ್ಲಿ ಬಿಳಿಯ ಹೊಳಪೊಂದು ಕಾಣಿಸುತ್ತದೆ. ಆ ಹೊಳಪು ಕಂಡರೆ ಬೆಳಕು ಸರಿಯಾಗಿದೆ ಎಂದೇ ತಿಳಿಯಿರಿ. ಅಲ್ಲಿಂದ ಇನ್ನೂ ಒಳಕ್ಕೆ ಹೋದಷ್ಟೂ ಮುಖ ಮಂಕಾಗುತ್ತದೆ. ಸಗಣಿ ಸಾರಿಸಿದ ಅಂಗಳ ಬೆಳಕನ್ನು ಹೆಚ್ಚು ಹಿಂದಿರುಗಿಸುವುದಿಲ್ಲವಾದ್ದರಿಂದ, ಜಗಲಿಯ ಎದುರು ಬಿಸಿಲಿನಲ್ಲಿ ಒಂದು ಬಿಳಿ ಪಂಚೆ ಹಾಸಿದರೆ ಗಲ್ಲದ ಕೆಳಗಿನ ನೆರಳೂ ತಿಳಿಯಾಗುತ್ತದೆ. ಇಂಥ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 200, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೆರಪು) ಎಫ್/2.8 ಇಟ್ಟರೆ 1/800 ಸೆಕೆಂಡಿನ ಆಸುಪಾಸಿನ ಶಟರ್ ವೇಗ ಸಿಗುತ್ತದೆ. ಸುಮ್ಮನೆ ಕೂರದ ಮಕ್ಕಳಿಗೆ ಅಷ್ಟು ವೇಗ ಬೇಕೇ ಬೇಕು.

ಮರದ ಕೆಳಗಿನ ನೆರಳು ಬೇರೆಯೇ ಮಾತು. ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿಯುವಲ್ಲಿ ಚಪ್ಪರದ ತೊಂದರೆಯೇ ಮರುಕಳಿಸುತ್ತದೆ. ದಟ್ಟವಾದ ಹಲಸಿನ ಮರವಿದ್ದರೆ ಅದರ ನೆರಳಿನ ಅಂಚಿನಲ್ಲಿ ನಿಲ್ಲಿಸಬಹುದು, ಆದರೆ ಮುಖಕ್ಕೆ ಹಸಿರು ಛಾಯೆ ಬರುವುದರಿಂದ ವೈಟ್ ಬ್ಯಾಲೆನ್ಸ್ (ಚಿತ್ರದ ಬಣ್ಣದ ಛಾಯೆ ಸರಿಪಡಿಸುವ ಸೆಟ್ಟಿಂಗ್) ಕಡೆ ಗಮನವಿರಲಿ.

ಹಳೆಸ್ಟುಡಿಯೊ:
ಜಗಲಿಯ ಸಲಹೆಯನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಪಂಚೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯನ್ನು ಸೇರಿಸುವುದು ಅಗತ್ಯ. ಬಿಸಿಲಿಗೆ ಹಾಸಿದ ಬಿಳಿ ಬಟ್ಟೆಯಾಗಲಿ, ಥರ್ಮೋಕೋಲ್ ಹಲಗೆಯಾಗಲಿ, ತೀರ ಹತ್ತಿರವಿದ್ದರೆ ಮಕ್ಕಳ ಕಣ್ಣು ಕುಕ್ಕುತ್ತದೆ, ಬೆಳಕು ಕೆಳಗಿನಿಂದ ಬಿದ್ದು ಮುಖವೂ ವಿಚಿತ್ರವಾಗಿ ಕಾಣುತ್ತದೆ. ಅದನ್ನು ನಾಲ್ಕೈದು ಅಡಿ ದೂರದಲ್ಲಿಟ್ಟು, ಮಗು ನೆಲದ ಕಡೆಗಲ್ಲದೆ ನಿಮ್ಮ ಕಡೆಗೆ ನೋಡುವಂತೆ ಮಾತನಾಡಿಸಿ.

ಅಂಗಳದಲ್ಲೇ ತೆಗೆಯಬೇಕೆಂದಿದ್ದರೆ ಹನ್ನೊಂದಕ್ಕೆ ಮೊದಲೋ ಎರಡರ ನಂತರವೋ, ಸೂರ್ಯ ಸ್ವಲ್ಪ ವಾಲಿರುವಾಗ, ಮಗುವಿನ ಬೆನ್ನಿಗೆ ಬಿಸಿಲು ಬೀಳುವಂತೆ ನಿಲ್ಲಿಸಿ. ಮುಖವೆಲ್ಲ ಒಂದೇ ಸಮನಾದ ನೆರಳಿನಲ್ಲಿರುತ್ತದೆ, ಕೂದಲಿನ ಅಂಚು ಬೆಳಗುತ್ತದೆ, ಕಣ್ಣುಗಳು ಪೂರ್ತಿ ತೆರೆದಿರುತ್ತವೆ. ಆದರೆ ಹಿಂದಿನ ಬೆಳಕನ್ನು ಕಂಡ ಕ್ಯಾಮೆರಾದ ಬೆಳಕಿನ ಮೀಟರ್ ಇಡೀ ಚಿತ್ರವನ್ನು ಕಪ್ಪಾಗಿಸುವುದರಿಂದ, ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ವಿಧಾನ) ಆರಿಸಿ ಕೆನ್ನೆಯ ಮೇಲೆ ಅಳೆಯಿರಿ, ಇಲ್ಲವೇ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಇಡೀ ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು +1ಕ್ಕೆ ಏರಿಸಿ. ಬಿಸಿಲು ನೇರವಾಗಿ ಬೀಳದಂತೆ ಲೆನ್ಸಿನ ತುದಿಗೆ ಹುಡ್ (ಮರೆ) ಹಾಕಿ. ಹಿನ್ನೆಲೆಗೆ ಆಕಾಶದ ಬದಲು ತೋಟದ ಕಡುಹಸಿರನ್ನು ಆರಿಸಿಕೊಂಡರೆ ಅದು ಬೆಳ್ಳಗೆ ಸುಟ್ಟುಹೋಗುವ ಭಯವೂ ಕಡಿಮೆ. ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆದರೆ ಆಮೇಲೆ ಮುಖದ ಬೆಳಕನ್ನು ತಿದ್ದಲು ಹೆಚ್ಚು ಅವಕಾಶವಿರುತ್ತದೆ.

ತೋಟದಮನೆ:
ಇಬ್ಬರಿಗೂ ತುಂಬಾ ಧನ್ಯವಾದಗಳು. ಹಾಗೆ ಬೆನ್ನಿಗೆ ಬಿಸಿಲು ಬಿಟ್ಟು ತೆಗೆಯುವಾಗ ಕ್ಯಾಮೆರಾದಲ್ಲೇ ಇರುವ ಫ್ಲಾಶ್ ಬಳಸಬಹುದೇ?

ಹಳೆಸ್ಟುಡಿಯೊ:
ಬಳಸಬಹುದು, ಆದರೆ ಅದರ ಮಿತಿಯನ್ನು ತಿಳಿದು ಬಳಸಬೇಕು. ಇಂಥ ಕ್ಯಾಮೆರಾಗಳಲ್ಲಿ ಫ್ಲಾಶ್ ಏರಿಸಿದಾಗ ಶಟರ್ ವೇಗ ಸಾಮಾನ್ಯವಾಗಿ 1/200 ಸೆಕೆಂಡಿಗಿಂತ ಮೇಲೆ ಹೋಗುವುದಿಲ್ಲ. ಪೂರ್ಣ ಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಆ ವೇಗವೆಂದರೆ ಅಪರ್ಚರ್ ಎಫ್/11ರ ಹತ್ತಿರ ಇರಬೇಕಾಗುತ್ತದೆ. ಅಂದರೆ ನಿಮ್ಮ ಎಫ್/1.8 ಲೆನ್ಸಿನಿಂದ ಸಿಗುವ ಮಸುಕಾದ ಹಿನ್ನೆಲೆಯನ್ನು ಬಿಟ್ಟುಕೊಡಬೇಕು. ಎಫ್/11ರಲ್ಲಿ ಆ ಚಿಕ್ಕ ಫ್ಲಾಶಿನ ಬೆಳಕು ಒಂದೆರಡು ಮೀಟರಿನಾಚೆ ಪ್ರಯೋಜನಕ್ಕೆ ಬರುವುದಿಲ್ಲ, ಹತ್ತಿರ ಹೋಗಿಯೇ ತೆಗೆಯಬೇಕು. ಫ್ಲಾಶ್ ಕಾಂಪೆನ್ಸೇಶನ್ (ಫ್ಲಾಶಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು −1ಕ್ಕೆ ಇಳಿಸಿ, ಇಲ್ಲದಿದ್ದರೆ ಮುಖ ಚಪ್ಪಟೆಯಾಗಿ ಕಾಣುತ್ತದೆ. ಫ್ಲಾಶ್ ಬಳಸುವಾಗ ಲೆನ್ಸಿನ ಹುಡ್ ತೆಗೆದಿಡಿ, ಅದರ ನೆರಳು ಚಿತ್ರದ ಕೆಳಭಾಗದಲ್ಲಿ ಬೀಳುತ್ತದೆ.

ಕಿಟಕಿಬೆಳಕು:
ಮಕ್ಕಳಿಗೆ ಬಿಸಿಲಲ್ಲಿ ಕಣ್ಣು ಬಿಡಲು ಕಷ್ಟವಾದರೆ, ಎಲ್ಲರೂ ಕಣ್ಣು ಮುಚ್ಚಿಕೊಂಡು ನೀವು ಮೂರು ಎಣಿಸಿದ ಕೂಡಲೇ ತೆರೆಯಲು ಹೇಳಿ. ತೆರೆದ ಮೊದಲ ಕ್ಷಣದಲ್ಲಿ ಮುಖ ಸಡಿಲವಾಗಿರುತ್ತದೆ, ಆಗಲೇ ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಸತತವಾಗಿ) ನಾಲ್ಕಾರು ಚಿತ್ರ ತೆಗೆದುಬಿಡಿ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅವರನ್ನು ಬಿಸಿಲಿನಲ್ಲಿ ನಿಲ್ಲಿಸಬೇಡಿ.