ಸಹಾಯ ಬೇಕು: ಹೊಸ ಸೂಪರ್‌ವೈಸರ್‌ಗಳಿಗೆ ಕನ್ನಡದ ತರಬೇತಿ ಸಾಮಗ್ರಿ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಬಡ್ತಿ ಪಡೆಯುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್‌ಗಳಿಗಾಗಿ 12 ವಾರಗಳ ತರಬೇತಿ ರೂಪಿಸುತ್ತಿದ್ದೇವೆ.

ಕೆಲಸದಲ್ಲಿ ಎಲ್ಲರಿಗಿಂತ ಚುರುಕಾದವರನ್ನೇ ಸೂಪರ್‌ವೈಸರ್ ಮಾಡುವುದು ವಾಡಿಕೆ. ತೊಂದರೆ ಶುರುವಾಗುವುದೂ ಅಲ್ಲೇ. ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಟೂಲ್ ಅಳತೆಯ ಹೊಂದಾಣಿಕೆ) ತಪ್ಪಿದರೆ ಹುಡುಗರಿಗೆ ಹೇಳಿಕೊಡದೆ ತಾವೇ ಸರಿಪಡಿಸಿಬಿಡುತ್ತಾರೆ. ಆ ಪಾಳಿಯ ಟಾರ್ಗೆಟ್ ಮುಟ್ಟುತ್ತದೆ, ಅದೇ ತಪ್ಪು ರಾತ್ರಿ ಪಾಳಿಯಲ್ಲಿ ಮತ್ತೆ ಬರುತ್ತದೆ.

ಅದಕ್ಕೇ ಮೊದಲ 4 ವಾರ ಕಲಿಸುವ ಕೆಲಸವನ್ನೇ ಕಲಿಸುವ ಯೋಜನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗಾಗಿ ರೂಪುಗೊಂಡ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಪದ್ಧತಿಯ ಕಲಿಸುವ ಭಾಗದಲ್ಲಿ 4 ಹಂತಗಳಿವೆ: ಕಲಿಯುವವರನ್ನು ಸಿದ್ಧಗೊಳಿಸುವುದು, ಮಾಡಿ ತೋರಿಸುವುದು, ಅವರಿಂದ ಮಾಡಿಸುವುದು, ಆಮೇಲೂ ಗಮನಿಸುತ್ತಿರುವುದು. ಮೂರನೆಯದರಲ್ಲಿ ಕೈ ಕೆಲಸ ಮಾಡುತ್ತಿರುವಾಗಲೇ ‘ಹೀಗೇ ಏಕೆ’ ಎಂಬುದನ್ನು ಅವರ ಬಾಯಿಂದಲೇ ಹೇಳಿಸಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಇದೇ, ನಮ್ಮ ಪ್ರಕಾರ ಅತಿ ಮುಖ್ಯವಾದದ್ದೂ ಇದೇ.

ಬೇಕಿರುವುದು ಇಷ್ಟು. ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಬದಲಾವಣೆ ಅಥವಾ ಮೊದಲ ಪೀಸ್ ತಪಾಸಣೆಗೆ ಕನ್ನಡದಲ್ಲಿ ಬರೆದ ಹಾಳೆ: ಹಂತ, ಎಚ್ಚರದ ಅಂಶ, ಕಾರಣ ಎಂದು 3 ಕಾಲಂ ಇದ್ದರೆ ಸಾಕು. ಸ್ಕಿಲ್ ಮ್ಯಾಟ್ರಿಕ್ಸ್‌ನಲ್ಲಿ (ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂಬ ಪಟ್ಟಿ) 4ನೇ ಮಟ್ಟ, ಅಂದರೆ ‘ಇತರರಿಗೆ ಕಲಿಸಬಲ್ಲರು’ ಎಂಬುದನ್ನು ನೀವು ಹೇಗೆ ಪರೀಕ್ಷಿಸುತ್ತೀರಿ? ಸಹಿ ಹಾಕಿ ಮುಗಿಸುವುದು ನಮಗೆ ಒಪ್ಪಿಗೆಯಿಲ್ಲ. ಅವರು ಕಲಿಸಿದ ಆಪರೇಟರ್ ಸ್ವತಂತ್ರವಾಗಿ ಸೆಟ್ಟಿಂಗ್ ಮಾಡಿದ ಮೇಲೆಯೇ ಆ ಅಂಕ ಸಿಗಬೇಕು.

ಅಭ್ಯಾಸದ ಸಂಭಾಷಣೆಗಳೂ ಬೇಕು. ವಯಸ್ಸಿನಲ್ಲಿ ಹಿರಿಯರಾದ, ನಿನ್ನೆಯವರೆಗೆ ‘ಅಣ್ಣಾ’ ಎಂದು ಕರೆಯುತ್ತಿದ್ದ ಆಪರೇಟರ್‌ಗೆ ರಿಜೆಕ್ಷನ್ ಹೆಚ್ಚಾಗಿದೆ ಎಂದು ಮರ್ಯಾದೆ ಕೆಡದಂತೆ ಹೇಳುವುದು ಹೇಗೆ?

ಶಾಪ್ ಫ್ಲೋರ್ ಬೋರ್ಡಿನ ಫೋಟೊ ಕಳಿಸಿದರೂ ಆದೀತು. ಕಂಪನಿ, ಕಾರ್ಮಿಕರ ಹೆಸರು ಮುಚ್ಚಿ ಕಳಿಸಿ.