ಟೈಗರ್-1: ಮೆಟಲ್ ಟ್ರ್ಯಾಕ್ ಹಾಕಿದ್ಮೇಲೆ ಕಟಕಟ ಸದ್ದು

ದಾವಣಗೆರೆಯಿಂದ: ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಟೈಗರ್-1ರ 1/16 ಅಳತೆಯ ಆರ್‌ಸಿ (ರಿಮೋಟ್‌ನಲ್ಲಿ ಓಡೋ) ಮಾದರಿ ನನ್ನದು. ಪ್ಲಾಸ್ಟಿಕ್ ಟ್ರ್ಯಾಕ್ ತೆಗೆದು ಮೆಟಲ್ ಹಾಕಿದೆ. ನಿಂತಲ್ಲೇ ತಿರುಗಿಸಿದ್ರೆ ಹಲ್ಲು ಜಾರುತ್ತೆ. ಆಮೇಲೆ, ಜಿಮ್ಮರಿಟ್ ಪದರಕ್ಕೆ (ಅಯಸ್ಕಾಂತದ ಬಾಂಬ್ ಅಂಟದ ಹಾಗೆ ಅಸಲಿ ಟ್ಯಾಂಕ್‌ಗೆ ಬಳೀತಿದ್ದ ಗೀರುಗೀರು ಲೇಪ) ಯಾವ ಪುಟ್ಟಿ?

ಉತ್ತರ 1: ಗೇರ್‌ಬಾಕ್ಸ್ ಇನ್ನೂ ಪ್ಲಾಸ್ಟಿಕ್ಕಾ ಅಣ್ಣಾ? ಆ ತೂಕಕ್ಕೆ ತಡೆಯಲ್ಲ. ಸ್ಟೀಲ್ ಗೇರ್, ಮೆಟಲ್ ಸ್ಪ್ರಾಕೆಟ್ (ಟ್ರ್ಯಾಕ್ ಎಳೆಯೋ ಹಲ್ಲಿನ ಚಕ್ರ), ಐಡ್ಲರ್ (ಇನ್ನೊಂದು ತುದೀಲಿ ಟ್ರ್ಯಾಕ್ ಬಿಗಿ ಹಿಡಿಯೋ ಚಕ್ರ) ಮೂರೂ ಒಟ್ಟಿಗೇ ಬದಲಿಸಿ. ಟ್ರ್ಯಾಕ್ ಬಿಗಿಯಾದ್ರೂ ಹೀಗೇ ಆಗುತ್ತೆ. ಒಂದು ಕೊಂಡಿ ಸೇರಿಸಿ ನೋಡಿ. ಮೇಲಿನ ಸಾಲು ಗಾಲಿಗಳ ಮೇಲೆ ಜೋತು ಕೂತಿರ್ಬೇಕು. ಅಸಲಿ ಟೈಗರ್‌ನಲ್ಲೂ ರಿಟರ್ನ್ ರೋಲರ್ (ಟ್ರ್ಯಾಕ್‌ನ ಮೇಲಿನ ಸಾಲನ್ನ ಎತ್ತಿ ಹಿಡಿಯೋ ಪುಟ್ಟ ಗಾಲಿ) ಇರ್ಲಿಲ್ಲ.

ಉತ್ತರ 2, ದುರ್ಗದಿಂದ: ನಿಮ್ಮದು ಆಫ್ರಿಕಾ ಯುದ್ಧದ ಟೈಗರ್ ಆಗಿದ್ರೆ ಜಿಮ್ಮರಿಟ್ ಬಳೀಬೇಡಿ, ಅದು ಬಂದದ್ದೇ 1943ರ ಉತ್ತರಾರ್ಧದಲ್ಲಿ. ಬೇರೆಯದಾದ್ರೆ ಪುಟ್ಟಿಗೆ ಎಂ-ಸೀಲ್ ಸಾಕು. ಮೊದ್ಲು ಟ್ಯಾಂಕ್ ಮೈಯನ್ನು ಮರಳು ಕಾಗದದಲ್ಲಿ ಉಜ್ಜಿ, ಇಲ್ಲಾಂದ್ರೆ ಚಕ್ಕೆ ಏಳುತ್ತೆ. ಅರ್ಧ ಮಿಲಿಮೀಟರ್‌ಗಿಂತ ತೆಳ್ಳಗೆ ಹಚ್ಚಿ, ಚಪ್ಪಟೆ ಸ್ಕ್ರೂಡ್ರೈವರ್ ತುದಿ ನೀರಲ್ಲಿ ಅದ್ದಿ ಸಾಲಾಗಿ ಒತ್ತಿ. ನಮ್ಮ ಕಡೆ ಬಿಸಿಲಿಗೆ ಬೇಗ ಗಟ್ಟಿಯಾಗುತ್ತೆ, ಗೋಲಿಯಷ್ಟೇ ಕಲಸಿ.

ದಾವಣಗೆರೆಯಿಂದ: ಗೇರ್ ಪ್ಲಾಸ್ಟಿಕ್ಕೇ. ಮೊದ್ಲು ಅದನ್ನೇ ಬದಲಿಸ್ತೀನಿ.